ಅಮೆರಿಕದಲ್ಲಿ ಸ್ವಂತ ಮನೆ ಇದ್ಯಾ? ಪ್ರಾಪರ್ಟಿ ಟ್ಯಾಕ್ಸ್ ಅಸೆಸ್‌ಮೆಂಟ್ ಏರೋದಕ್ಕೆ ಕಡಿವಾಣ ಹಾಕೋದು ಹೇಗೆ

ಅಮೆರಿಕದಲ್ಲಿ ಮನೆ ತಗೊಂಡ ನಮ್ಮವರಲ್ಲಿ ತುಂಬಾ ಜನ ಪ್ರಾಪರ್ಟಿ ಟ್ಯಾಕ್ಸ್ ಬಿಲ್ಲನ್ನ ಸರಿಯಾಗಿ ಬಿಚ್ಚಿ ನೋಡೋದೇ ಇಲ್ಲ. ಮಾರ್ಟ್‌ಗೇಜ್ ಕಂತಿನ ಜೊತೆಗೇ ಎಸ್ಕ್ರೋಗೆ (ಟ್ಯಾಕ್ಸ್ ಕಟ್ಟೋಕೆ ಅಂತ ದುಡ್ಡು ಎತ್ತಿಡೋ ಖಾತೆ) ದುಡ್ಡು ಹೋಗ್ತಿರತ್ತೆ, ಬ್ಯಾಂಕಿನವ್ರು ಕೌಂಟಿಗೆ ಕಟ್ತಾರೆ, ನಮಗೆ ಬಿಸಿ ತಟ್ಟೋದು ಎಸ್ಕ್ರೋದಲ್ಲಿ ದುಡ್ಡು ಸಾಲ್ತಾ ಇಲ್ಲ ಅಂತ ಲೆಟರ್ ಬಂದು ತಿಂಗಳ ಕಂತು ಇದ್ದಕ್ಕಿದ್ದ ಹಾಗೆ ಜಾಸ್ತಿ ಆದಾಗ. ಅಷ್ಟೊತ್ತಿಗೆ ಆ ವರ್ಷದ ತಕರಾರು ಹಾಕೋ ಗಡುವು ಮುಗಿದು ಎಷ್ಟೋ ತಿಂಗಳಾಗಿರತ್ತೆ, ಯಾರನ್ನ ಕೇಳಿದ್ರೂ ಮುಂದಿನ ವರ್ಷ ನೋಡಿ ಅಂತಾರೆ.

ಆದ್ರೆ ತುಂಬಾ ಸ್ಟೇಟ್‌ಗಳಲ್ಲಿ ಮನೆಯ ಅಸೆಸ್ಡ್ ವ್ಯಾಲ್ಯೂ (ತೆರಿಗೆ ಲೆಕ್ಕಕ್ಕೆ ಹಿಡಿಯೋ ಬೆಲೆ) ವರ್ಷಕ್ಕೆ ಇಷ್ಟರ ಮೇಲೆ ಏರಬಾರದು ಅಂತ ಕಾನೂನೇ ಇದೆ, ಇದಕ್ಕೇ ಕ್ಯಾಪ್ ಅನ್ನೋದು. ಬಹಳಷ್ಟು ಕಡೆ ಅದು ತಾನಾಗೇ ಬರಲ್ಲ, ಅರ್ಜಿ ಹಾಕಿದವರಿಗೆ, ಆ ಮನೇಲಿ ತಾವೇ ವಾಸ ಇರೋವ್ರಿಗೆ ಮಾತ್ರ ಸಿಗತ್ತೆ. ಒಂದು ಫಾರ್ಮ್ ಹಾಕದೆ ವರ್ಷಗಟ್ಟಲೆ ಸಾವಿರಾರು ಡಾಲರ್ ಸುಮ್ನೆ ಕಟ್ಟೋದು ನೋಡಿದ್ರೆ ಹೊಟ್ಟೆ ಉರಿಯತ್ತೆ, ಅದಕ್ಕೇ ಇಷ್ಟು ಉದ್ದ ಬರೀತಿದೀನಿ.

ಮೊದಲನೇ ಹೆಜ್ಜೆ: ನಿಮ್ಮ ಸ್ಟೇಟ್‌ನಲ್ಲಿ ಯಾವ ಕ್ಯಾಪ್ ಇದೆ ತಿಳ್ಕೊಳಿ

ಟ್ಯಾಕ್ಸ್ ಬಿಲ್ ಅಂದ್ರೆ ಮನೆಯ ವ್ಯಾಲ್ಯೂ ಒಂದು, ರೇಟ್ ಒಂದು, ಎರಡನ್ನೂ ಗುಣಿಸಿ ಬರೋ ಮೊತ್ತ. ಕ್ಯಾಪ್ ಹಿಡಿಯೋದು ವ್ಯಾಲ್ಯೂನ ಮಾತ್ರ. ಸಿಟಿ, ಕೌಂಟಿ, ಸ್ಕೂಲ್ ಡಿಸ್ಟ್ರಿಕ್ಟ್ ರೇಟ್ ಏರಿಸಿದ್ರೆ ಬಿಲ್ ಏರೋದನ್ನ ಇದು ತಡೆಯಲ್ಲ. ಇದು ತಲೇಲಿ ಇರ್ಲಿ, ಆಮೇಲೆ ಕ್ಯಾಪ್ ಇದ್ರೂ ಬಿಲ್ ಯಾಕೆ ಜಾಸ್ತಿ ಬಂತು ಅಂತ ಗಾಬರಿ ಆಗೋದು ಬೇಡ.

ಕ್ಯಾಲಿಫೋರ್ನಿಯಾದಲ್ಲಿ 1978ರ ಪ್ರೊಪೊಸಿಷನ್ 13 ಇದೆ: ತಗೊಂಡಾಗಿನ ಬೆಲೆಯೇ ಬೇಸ್, ಅಲ್ಲಿಂದ ವರ್ಷಕ್ಕೆ 2% ಅಥವಾ ಹಣದುಬ್ಬರ, ಯಾವುದು ಕಡಿಮೆಯೋ ಅಷ್ಟೇ ಏರತ್ತೆ. ಫ್ಲೋರಿಡಾದಲ್ಲಿ ಸೇವ್ ಅವರ್ ಹೋಮ್ಸ್ ಅಂತ ಇದೆ, 1992ರಲ್ಲಿ ಜನ ವೋಟ್ ಹಾಕಿ ತಂದಿದ್ದು, 3% ಅಥವಾ ಹಣದುಬ್ಬರ, ಅಲ್ಲೂ ಕಡಿಮೆ ಇರೋದೇ ಲೆಕ್ಕ. ಟೆಕ್ಸಸ್‌ನಲ್ಲಿ 10%. ಮಿಶಿಗನ್‌ನಲ್ಲಿ 1994ರ ಪ್ರೊಪೋಸಲ್ ಎ ಪ್ರಕಾರ 5% ಅಥವಾ ಹಣದುಬ್ಬರದಲ್ಲಿ ಕಡಿಮೆ ಇರೋದು. ಮೇರಿಲ್ಯಾಂಡ್‌ನಲ್ಲಿ ಸ್ಟೇಟ್ ಮಟ್ಟದಲ್ಲಿ 10%, ಕೌಂಟಿಗಳು ಅದಕ್ಕಿಂತ ಕಡಿಮೆ ಇಟ್ಕೋಬಹುದು. ಆರಿಜೋನಾದಲ್ಲಿ 5%, ಓರೆಗಾನ್‌ನಲ್ಲಿ 3%. ನ್ಯೂಯಾರ್ಕ್ ಸಿಟಿಯಲ್ಲಿ ಒಂದರಿಂದ ಮೂರು ಫ್ಯಾಮಿಲಿ ಇರೋ ಮನೆಗಳಿಗೆ ವರ್ಷಕ್ಕೆ 6%, ಐದು ವರ್ಷಕ್ಕೆ ಒಟ್ಟು 20%. ಜಾರ್ಜಿಯಾದಲ್ಲಿ 2024ರ ನವೆಂಬರ್‌ನಲ್ಲಿ ಜನ ಒಪ್ಪಿದ ತಿದ್ದುಪಡಿಯಿಂದ ಹೋಮ್‌ಸ್ಟೆಡ್ (ಓನರ್ ತಾವೇ ವಾಸ ಇರೋ) ಮನೆಗಳಿಗೆ ಹಣದುಬ್ಬರದ ಮಿತಿ ಬಂತು, ಆದ್ರೆ ಅದರಿಂದ ಹೊರಗೆ ಉಳಿಯೋ ಅವಕಾಶಾನೂ ಕೊಟ್ಟಿದ್ರು, ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳು ಹಾಗೇ ಹೊರಗೆ ಉಳಿದ್ವು, ಹಾಗಾಗಿ ಅಟ್ಲಾಂಟಾ ಸುತ್ತ ಇರೋರು ನಿಮ್ಮ ಕೌಂಟಿ, ಸಿಟಿ, ಸ್ಕೂಲ್ ಮೂರನ್ನೂ ಬೇರೆ ಬೇರೆಯಾಗಿ ವಿಚಾರಿಸ್ಬೇಕು.

ನ್ಯೂಜೆರ್ಸಿ, ಇಲಿನಾಯ್, ವಾಷಿಂಗ್ಟನ್, ಮ್ಯಾಸಚೂಸೆಟ್ಸ್ ಇಲ್ಲೆಲ್ಲ ಒಂದೊಂದು ಮನೆಯ ವ್ಯಾಲ್ಯೂಗೆ ಅಂತ ಸ್ಟೇಟ್ ಪೂರ್ತಿ ಇಂಥ ಕ್ಯಾಪ್ ಇಲ್ಲ. ಅಲ್ಲಿ ಮಿತಿ ಇರೋದು ಊರು ಅಥವಾ ಜಿಲ್ಲೆ ಒಟ್ಟು ಎಷ್ಟು ತೆರಿಗೆ ಎತ್ತಬಹುದು ಅನ್ನೋದಕ್ಕೆ. ಅಂಥ ಕಡೆ ಇರೋರಿಗೆ ಅಪೀಲ್ ಒಂದೇ ದೊಡ್ಡ ದಾರಿ, ಅದನ್ನ ಕೆಳಗೆ ಬರ್ದಿದೀನಿ.

ಎರಡನೇ ಹೆಜ್ಜೆ: ಹೋಮ್‌ಸ್ಟೆಡ್ ಅರ್ಜಿ ಹಾಕಿ, ಈಗ್ಲೇ ಹಾಕಿ

ಇಡೀ ಲೇಖನದಲ್ಲಿ ಒಂದೇ ಒಂದು ಕೆಲಸ ಮಾಡೋದಾದ್ರೆ ಇದನ್ನ ಮಾಡಿ. ಟೆಕ್ಸಸ್, ಫ್ಲೋರಿಡಾ, ಮೇರಿಲ್ಯಾಂಡ್, ಜಾರ್ಜಿಯಾ ಈ ಕಡೆಗಳಲ್ಲಿ ಕ್ಯಾಪ್ ನಿಂತಿರೋದೇ ಹೋಮ್‌ಸ್ಟೆಡ್ ಅರ್ಜಿ ಮೇಲೆ. ಕ್ಲೋಸಿಂಗ್ ದಿನ (ಮನೆ ನಮ್ಮ ಹೆಸರಿಗೆ ಆಗೋ ದಿನ) ನೂರಾರು ಪೇಜಿಗೆ ಸೈನ್ ಹಾಕಿರ್ತೀವಲ್ಲ, ಅದ್ರಲ್ಲೇ ಇದೂ ಆಗಿರತ್ತೆ ಅಂತ ಅಂದ್ಕೊಂಡು ಸುಮ್ನಿರ್ತಾರೆ. ಆಗಿರಲ್ಲ. ಟೈಟಲ್ ಕಂಪನಿ (ಮನೆ ಕಾಗದಪತ್ರ ನೋಡ್ಕೊಳೋರು) ಹಾಕಲ್ಲ, ಬ್ಯಾಂಕ್ ಹಾಕಲ್ಲ, ನೀವೇ ಹಾಕ್ಬೇಕು.

ಟೆಕ್ಸಸ್‌ನಲ್ಲಿ ಫಾರ್ಮ್ 50-114, ನಿಮ್ಮ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್‌ಗೆ (ಮನೆಗಳ ವ್ಯಾಲ್ಯೂ ಹಾಕೋ ಕಚೇರಿ) ಕೊಡೋದು, ಏಪ್ರಿಲ್ 30ರ ಒಳಗೆ. ಡ್ರೈವಿಂಗ್ ಲೈಸೆನ್ಸ್‌ನಲ್ಲಿ ಇದೇ ಮನೆ ಅಡ್ರೆಸ್ ಇರ್ಬೇಕು, ಹಳೇ ಅಪಾರ್ಟ್‌ಮೆಂಟ್ ಅಡ್ರೆಸ್ ಇದ್ದಿದ್ದಕ್ಕೇ ಅರ್ಜಿ ವಾಪಸ್ ಬರೋದುಂಟು, ಹಾಗಾಗಿ ಮೊದಲು ಲೈಸೆನ್ಸ್ ಬದಲಾಯಿಸ್ಕೊಳಿ. ಗಡುವು ದಾಟಿದ್ರೂ ಪೂರ್ತಿ ಕೈ ಬಿಡ್ಬೇಡಿ, ತಡವಾಗಿ ಹಾಕೋ ಅರ್ಜಿಗೆ ಸುಮಾರು ಎರಡು ವರ್ಷದವರೆಗೆ ಅವಕಾಶ ಇದೆ, ಹೆಚ್ಚು ಕಟ್ಟಿದ ದುಡ್ಡು ವಾಪಸ್ ಬರತ್ತೆ. ಇದೇ ಅರ್ಜಿಯಿಂದ ಸ್ಕೂಲ್ ಟ್ಯಾಕ್ಸ್ ಲೆಕ್ಕದಲ್ಲಿ ಮನೆ ವ್ಯಾಲ್ಯೂನಿಂದ 1,40,000 ಡಾಲರ್ ಕಳೀತಾರೆ, 2025ರ ನವೆಂಬರ್ ವೋಟಿಂಗ್‌ಗೆ ಮುಂಚೆ ಅದು 1,00,000 ಇತ್ತು. ಒಮ್ಮೆ ಸಿಕ್ಕಿದ್ಮೇಲೆ ಮರೆತುಬಿಡೋ ಹಾಗೂ ಇಲ್ಲ, ಐದು ವರ್ಷಕ್ಕೊಮ್ಮೆಯಾದ್ರೂ ಅಪ್ರೈಸಲ್ ಡಿಸ್ಟ್ರಿಕ್ಟ್‌ನವರು ಇನ್ನೂ ಅಲ್ಲೇ ಇದೀರಾ ಅಂತ ಪರಿಶೀಲನೆ ಮಾಡ್ಬೇಕು ಅಂತ 2023ರಲ್ಲಿ ಕಾನೂನು ಬಂದಿದೆ, ಆ ಲೆಟರ್‌ಗೆ ಉತ್ತರ ಕೊಡದೆ ಇದ್ರೆ ಎಕ್ಸೆಂಪ್ಷನ್ (ಈ ತೆರಿಗೆ ರಿಯಾಯ್ತಿ) ತೆಗೆದುಬಿಡಬಹುದು.

ಫ್ಲೋರಿಡಾದಲ್ಲಿ ಜನವರಿ 1ಕ್ಕೆ ಆ ಮನೇಲಿ ವಾಸ ಇರ್ಬೇಕು, ಮಾರ್ಚ್ 1ರ ಒಳಗೆ ಅರ್ಜಿ. ಮೇರಿಲ್ಯಾಂಡ್‌ನಲ್ಲಿ ಒಂದೇ ಸಲ ಹಾಕಿದ್ರೆ ಸಾಕು, ಆದ್ರೆ ಆ ಒಂದು ಸಲ ಹಾಕ್ಲೇಬೇಕು. ಜಾರ್ಜಿಯಾದಲ್ಲಿ ಏಪ್ರಿಲ್ 1. ಮಿಶಿಗನ್ ಸ್ವಲ್ಪ ಬೇರೆ, ಅಲ್ಲಿ ಕ್ಯಾಪ್ ತಾನಾಗೇ ಬರತ್ತೆ, ಆದ್ರೆ ಪ್ರಿನ್ಸಿಪಲ್ ರೆಸಿಡೆನ್ಸ್ ಎಕ್ಸೆಂಪ್ಷನ್ ಅನ್ನೋ ಫಾರ್ಮ್ 2368 ಕೊಟ್ರೆ ಸ್ಕೂಲಿಗೆ ಅಂತ ಹಾಕೋ 18 ಮಿಲ್‌ವರೆಗಿನ (1,000 ಡಾಲರ್ ವ್ಯಾಲ್ಯೂಗೆ 18 ಡಾಲರ್) ತೆರಿಗೆ ಉಳಿಯತ್ತೆ. ಕ್ಯಾಲಿಫೋರ್ನಿಯಾದಲ್ಲೂ ಕ್ಯಾಪ್‌ಗೆ ಅರ್ಜಿ ಬೇಡ, ಬಾಡಿಗೆಗೆ ಕೊಟ್ಟ ಮನೆಗೂ ಅದು ಸಿಗತ್ತೆ. ಅಲ್ಲಿನ ಹೋಮ್‌ಓನರ್ಸ್ ಎಕ್ಸೆಂಪ್ಷನ್ ಚಿಕ್ಕದು, 7,000 ಡಾಲರ್ ವ್ಯಾಲ್ಯೂ ಕಳೆದು ವರ್ಷಕ್ಕೆ 70 ಡಾಲರ್ ಆಸುಪಾಸು ಉಳಿಯತ್ತೆ, ಬಿಡೋದ್ಯಾಕೆ, ಹಾಕಿ.

ನಮ್ಮವರು ತುಂಬಾ ಕೇಳೋ ಪ್ರಶ್ನೆ, ಎಚ್-1ಬಿಯಲ್ಲಿ ಇರೋರು ಹೋಮ್‌ಸ್ಟೆಡ್ ಹಾಕಬಹುದಾ ಅಂತ. ಟೆಕ್ಸಸ್‌ನಲ್ಲಿ ಸಿಟಿಜನ್ ಆಗಿರ್ಬೇಕು ಅನ್ನೋ ಷರತ್ತಿಲ್ಲ, ಅದು ನಿಮ್ಮ ಮುಖ್ಯ ವಾಸದ ಮನೆ ಆಗಿದ್ರೆ ಸಾಕು, ಧೈರ್ಯವಾಗಿ ಹಾಕಿ. ಫ್ಲೋರಿಡಾದಲ್ಲಿ ಕಷ್ಟ ಇದೆ, ತಾತ್ಕಾಲಿಕ ವೀಸಾದಲ್ಲಿ ಇರೋರು ಶಾಶ್ವತವಾಗಿ ಇರ್ತೀವಿ ಅಂತ ಹೇಳೋಕೆ ಆಗಲ್ಲ ಅನ್ನೋದು ಅಲ್ಲಿನ ನಿಲುವು. ಆದ್ರೆ 2012ರಲ್ಲಿ ಫ್ಲೋರಿಡಾ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿದೆ: ತಂದೆತಾಯಿ ವೀಸಾದಲ್ಲಿದ್ರೂ, ಅವರನ್ನೇ ಅವಲಂಬಿಸಿರೋ ಅಮೆರಿಕನ್ ಸಿಟಿಜನ್ ಆದ ಚಿಕ್ಕ ಮಕ್ಕಳು ಆ ಮನೇಲಿ ಶಾಶ್ವತವಾಗಿ ವಾಸ ಇದ್ರೆ ಹೋಮ್‌ಸ್ಟೆಡ್ ಕೊಡಬಹುದು ಅಂತ. ಇಲ್ಲೇ ಹುಟ್ಟಿದ ಮಕ್ಕಳಿರೋ ಎಚ್-1ಬಿ ಕುಟುಂಬಗಳಿಗೆ ಇದು ಎಷ್ಟು ದೊಡ್ಡ ವಿಷಯ ನೋಡಿ. ಮಗುವಿನ ಬರ್ತ್ ಸರ್ಟಿಫಿಕೇಟ್ ಇಟ್ಕೊಂಡು ಪ್ರಾಪರ್ಟಿ ಅಪ್ರೈಸರ್ ಆಫೀಸಲ್ಲಿ ಈ ಆಧಾರದ ಮೇಲೇ ಕೇಳ್ತಿದೀವಿ ಅಂತ ಸ್ಪಷ್ಟವಾಗಿ ಹೇಳಿ.

ಮನೆ ತಗೊಂಡ ಕೆಲವೇ ವಾರದಲ್ಲಿ ಸರ್ಕಾರಿ ಪತ್ರದ ತರಾನೇ ಕಾಣೋ ಲೆಟರ್‌ಗಳು ಬರ್ತವೆ, ಹೋಮ್‌ಸ್ಟೆಡ್ ಮಾಡಿಸ್ಕೊಡ್ತೀವಿ ಇಷ್ಟು ಫೀಸ್ ಕಳ್ಸಿ ಅಂತ. ಕಳಿಸ್ಬೇಡಿ, ಕೌಂಟಿಗೆ ನೇರವಾಗಿ ಹಾಕೋ ಅರ್ಜಿಗೆ ದುಡ್ಡಿಲ್ಲ.

ಮೂರನೇ ಹೆಜ್ಜೆ: ಹೊಸದಾಗಿ ತಗೊಂಡವರು ಮೊದಲ ವರ್ಷದ ಜಿಗಿತಕ್ಕೆ ರೆಡಿ ಇರಿ

ಮನೆ ಹುಡುಕೋವಾಗ ವೆಬ್‌ಸೈಟಲ್ಲಿ ಹಿಂದಿನ ವರ್ಷದ ಟ್ಯಾಕ್ಸ್ ತೋರಿಸ್ತಾರಲ್ಲ, ಅದನ್ನ ನಂಬಿ ಬಜೆಟ್ ಹಾಕ್ಬೇಡಿ. ಅದು ಮಾರ್ತಾ ಇರೋರ ಕ್ಯಾಪ್ ಆದ ವ್ಯಾಲ್ಯೂ ಮೇಲೆ ಬಂದಿರೋ ಟ್ಯಾಕ್ಸ್. ಅವರು ಇಪ್ಪತ್ತು ವರ್ಷದಿಂದ ಅಲ್ಲಿದ್ರೆ ಅವರ ಅಸೆಸ್‌ಮೆಂಟ್ ಮಾರ್ಕೆಟ್ ಬೆಲೆಯ ಅರ್ಧಾನೂ ಇರದೆ ಇರಬಹುದು. ತುಂಬಾ ಕಡೆ ಮನೆ ಕೈ ಬದಲಾದ ತಕ್ಷಣ ಕ್ಯಾಪ್ ಬಿದ್ದುಹೋಗತ್ತೆ, ಕ್ಯಾಲಿಫೋರ್ನಿಯಾದಲ್ಲಿ ತಗೊಂಡ ದಿನದಿಂದ, ಫ್ಲೋರಿಡಾ, ಮಿಶಿಗನ್‌ನಲ್ಲಿ ಮುಂದಿನ ವರ್ಷದಿಂದ ಮಾರ್ಕೆಟ್ ಬೆಲೆ ಹಿಡೀತಾರೆ. ಕ್ಯಾಲಿಫೋರ್ನಿಯಾದಲ್ಲಿ ಇದಕ್ಕೆ ಸಪ್ಲಿಮೆಂಟಲ್ ಬಿಲ್ ಅಂತ ಬೇರೆ ಬರತ್ತೆ, ಅದು ಬ್ಯಾಂಕಿಗೆ ಹೋಗಲ್ಲ, ಸೀದಾ ನಿಮ್ಮ ಹೆಸರಿಗೆ ಬರತ್ತೆ, ಎಸ್ಕ್ರೋದಲ್ಲಿ ಹೋಗಿರತ್ತೆ ಅಂತ ಬಿಟ್ರೆ ಪೆನಾಲ್ಟಿ ಬೀಳತ್ತೆ.

ಟೆಕ್ಸಸ್‌ನವರು ಇದನ್ನ ಗಮನ ಇಟ್ಟು ಓದಿ. 10% ಕ್ಯಾಪ್ ಶುರು ಆಗೋದು ಎಕ್ಸೆಂಪ್ಷನ್‌ಗೆ ಅರ್ಹರಾದ ಮೊದಲ ವರ್ಷದಲ್ಲಿ ಅಲ್ಲ, ಅದರ ಮುಂದಿನ ವರ್ಷದ ಜನವರಿ 1ರಿಂದ. ಅಂದ್ರೆ ಮೊದಲ ವರ್ಷ ಅಪ್ರೈಸಲ್ ಡಿಸ್ಟ್ರಿಕ್ಟ್ ಎಷ್ಟು ವ್ಯಾಲ್ಯೂ ಹಾಕತ್ತೋ ಅದೇ ನಿಮ್ಮ ಬುನಾದಿ, ಮುಂದಿನ 10% ಅದ್ರ ಮೇಲೇ ಕೂರತ್ತೆ. ಮೊದಲ ವರ್ಷ 5 ಲಕ್ಷ ಡಾಲರ್ ಅಂತ ನಿಂತ್ರೆ ಮುಂದಿನ ವರ್ಷ 5.5 ಲಕ್ಷದವರೆಗೆ ಏರಬಹುದು, ಅದನ್ನ ಜಗಳ ಆಡಿ 4.5 ಲಕ್ಷಕ್ಕೆ ಇಳಿಸಿದ್ರೆ ಮುಂದಿನ ವರ್ಷ 4.95 ಲಕ್ಷದ ಮೇಲೆ ಹೋಗಂಗಿಲ್ಲ. ಹಾಗಾಗಿ ಬೇರೆ ಯಾವ ವರ್ಷ ಸೋಮಾರಿತನ ಮಾಡಿದ್ರೂ ಪರವಾಗಿಲ್ಲ, ಮೊದಲ ವರ್ಷ ಪ್ರೊಟೆಸ್ಟ್ (ಹಾಕಿದ ವ್ಯಾಲ್ಯೂ ಮೇಲೆ ತಕರಾರು) ಬಿಡ್ಬೇಡಿ.

ಫ್ಲೋರಿಡಾ ಒಳಗೇ ಒಂದು ಮನೆ ಬಿಟ್ಟು ಇನ್ನೊಂದಕ್ಕೆ ಹೋಗೋರಿಗೆ ಒಂದು ಅನುಕೂಲ ಇದೆ. ಹಳೇ ಮನೆಯ ಮಾರ್ಕೆಟ್ ವ್ಯಾಲ್ಯೂಗೂ ಕ್ಯಾಪ್ ಆದ ವ್ಯಾಲ್ಯೂಗೂ ಇರೋ ವ್ಯತ್ಯಾಸವನ್ನ ಹೊಸ ಮನೆಗೆ ತಗೊಂಡು ಹೋಗಬಹುದು, 5 ಲಕ್ಷ ಡಾಲರ್‌ವರೆಗೆ. ಇದಕ್ಕೆ ಪೋರ್ಟೆಬಿಲಿಟಿ ಅಂತಾರೆ, ಹೋಮ್‌ಸ್ಟೆಡ್ ಅರ್ಜಿ ಜೊತೆ ಡಿಆರ್-501ಟಿ ಅನ್ನೋ ಫಾರ್ಮ್ ಬೇರೆ ಹಾಕ್ಬೇಕು, ಅದನ್ನ ಬಿಟ್ರೆ ಯಾರೂ ಬಂದು ಕೇಳಲ್ಲ.

ನಾಲ್ಕನೇ ಹೆಜ್ಜೆ: ನೋಟಿಸ್ ಬಂದ ದಿನವೇ ಬಿಚ್ಚಿ ನೋಡಿ

ಮನೆ ವ್ಯಾಲ್ಯೂ ತಿಳಿಸೋ ನೋಟಿಸ್ ಬಂದ ಮೇಲೆ ತಕರಾರು ಹಾಕೋ ಗಡುವುಗಳು ತುಂಬಾ ಬಿಗಿ. ಟೆಕ್ಸಸ್‌ನಲ್ಲಿ ಮೇ 15 ಅಥವಾ ನೋಟಿಸ್ ಕಳಿಸಿದ ಮೇಲೆ 30 ದಿನ, ಯಾವುದು ಆಮೇಲೆ ಬರತ್ತೋ ಅದು. ಫ್ಲೋರಿಡಾದಲ್ಲಿ ಆಗಸ್ಟ್‌ನಲ್ಲಿ ಟ್ರಿಮ್ ನೋಟಿಸ್ ಬರತ್ತೆ, ಅದು ಪೋಸ್ಟ್ ಆದ 25 ದಿನದ ಒಳಗೆ ಪಿಟಿಷನ್. ಮೇರಿಲ್ಯಾಂಡ್, ಜಾರ್ಜಿಯಾ ಎರಡೂ ಕಡೆ 45 ದಿನ. ಮಿಶಿಗನ್‌ನಲ್ಲಿ ಮಾರ್ಚ್‌ನಲ್ಲಿ ಕೂರೋ ಬೋರ್ಡ್ ಆಫ್ ರಿವ್ಯೂ. ನ್ಯೂಜೆರ್ಸಿಯಲ್ಲಿ ಸಾಮಾನ್ಯವಾಗಿ ಏಪ್ರಿಲ್ 1, ಊರಿಗೆ ಊರೇ ರೀವ್ಯಾಲ್ಯುಯೇಷನ್ ಆದ ವರ್ಷ ಮೇ 1. ಇಲಿನಾಯ್‌ನ ಕುಕ್ ಕೌಂಟಿಯಲ್ಲಿ ಒಂದೊಂದು ಟೌನ್‌ಶಿಪ್‌ಗೆ ಒಂದೊಂದು ದಿನಾಂಕ. ಕ್ಯಾಲಿಫೋರ್ನಿಯಾದಲ್ಲಿ ಜುಲೈ 2ರಿಂದ, ಕೊನೇ ದಿನ ಕೌಂಟಿ ನೋಡ್ಕೊಂಡು ಸೆಪ್ಟೆಂಬರ್ 15 ಅಥವಾ ನವೆಂಬರ್ 30. ಫೋನಲ್ಲಿ ರಿಮೈಂಡರ್ ಹಾಕಿ ಇಟ್ಕೊಳಿ.

ನೋಟಿಸಲ್ಲಿ ಮೊದಲು ನೋಡ್ಬೇಕಿರೋದು ಎರಡು ನಂಬರ್: ಮಾರ್ಕೆಟ್ ವ್ಯಾಲ್ಯೂ, ಮತ್ತೆ ಕ್ಯಾಪ್ ಆದ ಮೇಲಿನ ವ್ಯಾಲ್ಯೂ. ಟೆಕ್ಸಸ್‌ನಲ್ಲಿ ಎರಡನೇದಕ್ಕೆ ಅಪ್ರೈಸ್ಡ್, ಫ್ಲೋರಿಡಾದಲ್ಲಿ ಅಸೆಸ್ಡ್, ಮಿಶಿಗನ್‌ನಲ್ಲಿ ಟ್ಯಾಕ್ಸಬಲ್ ವ್ಯಾಲ್ಯೂ ಅಂತಾರೆ. ಹೋಮ್‌ಸ್ಟೆಡ್ ಇದ್ದೂ ಎರಡೂ ಒಂದೇ ಇದ್ದು ವ್ಯಾಲ್ಯೂ ಕ್ಯಾಪ್‌ಗಿಂತ ಜಾಸ್ತಿ ಏರಿದ್ರೆ ಎಲ್ಲೋ ಎಕ್ಸೆಂಪ್ಷನ್ ಬಿದ್ದುಹೋಗಿದೆ ಅಂತ, ತಕ್ಷಣ ಫೋನ್ ಮಾಡಿ.

ಎರಡರ ನಡುವೆ ದೊಡ್ಡ ಅಂತರ ಇದ್ರೆ ಆ ವರ್ಷ ಪ್ರೊಟೆಸ್ಟ್‌ನಿಂದ ದುಡ್ಡು ಉಳಿಯೋದು ಕಷ್ಟ. ಮಾರ್ಕೆಟ್ 6 ಲಕ್ಷ, ಕ್ಯಾಪ್ ಆದದ್ದು 4.4 ಲಕ್ಷ ಇದೆ ಅಂದ್ಕೊಳಿ. ಮಾರ್ಕೆಟ್ಟನ್ನ 5.5 ಲಕ್ಷಕ್ಕೆ ಇಳಿಸಿದ್ರೂ ನೀವು ತೆರಿಗೆ ಕಟ್ಟೋದು 4.4 ಲಕ್ಷದ ಮೇಲೇ, ಒಂದು ಪೈಸೆನೂ ಉಳಿಯಲ್ಲ. ದುಡ್ಡು ಉಳೀಬೇಕಂದ್ರೆ ಮಾರ್ಕೆಟ್ ವ್ಯಾಲ್ಯೂ 4.4 ಲಕ್ಷಕ್ಕಿಂತ ಕೆಳಗೆ ಬರ್ಬೇಕು. ಉಳಿತಾಯದಲ್ಲಿ ಪಾಲು ತಗೊಂಡು ಪ್ರೊಟೆಸ್ಟ್ ಮಾಡ್ಕೊಡೋ ಕಂಪನಿಗಳಿಗೆ ಸೈನ್ ಹಾಕೋ ಮುಂಚೆ ಉಳಿತಾಯ ಅಂದ್ರೆ ಯಾವ ವ್ಯಾಲ್ಯೂ ಲೆಕ್ಕ ಹಿಡೀತಾರೆ ಅಂತ ಕೇಳಿ, ಕಾಂಟ್ರ್ಯಾಕ್ಟಲ್ಲಿ ಬರ್ದಿರೋದನ್ನ ಓದಿ. ನನ್ನ ಅಭಿಪ್ರಾಯದಲ್ಲಿ ಮೊದಲ ಸಲ ನೀವೇ ಮಾಡಿ, ಕಂಪನಿಗೆ ಕೊಡೋದು ಆಮೇಲೆ ಇದ್ದೇ ಇದೆ, ನಿಮ್ಮ ಮನೆ ಬಗ್ಗೆ ನಿಮಗಿಂತ ಚೆನ್ನಾಗಿ ಗೊತ್ತಿರೋರು ಯಾರೂ ಇಲ್ಲ.

ಐದನೇ ಹೆಜ್ಜೆ: ಪ್ರೊಟೆಸ್ಟ್ ಗೆಲ್ಲೋ ಹಾಗೆ ಮಾಡೋದು

ಇಲ್ಲಿ ಟೆಕ್ಸಸ್‌ನೇ ಉದಾಹರಣೆ ಇಟ್ಕೊಳ್ತೀನಿ, ಯಾಕಂದ್ರೆ ಅಲ್ಲಿ ವರ್ಷಾನೂ ಲಕ್ಷಾಂತರ ಜನ ಇದನ್ನ ಮಾಡ್ತಾರೆ, ಬೇರೆ ಸ್ಟೇಟ್‌ನಲ್ಲೂ ಸಾಕ್ಷಿ ಜೋಡಿಸೋ ರೀತಿ ಹೆಚ್ಚು ಕಡಿಮೆ ಇದೇ.

ಆನ್‌ಲೈನಲ್ಲಿ ಪ್ರೊಟೆಸ್ಟ್ ಹಾಕೋವಾಗ ಎರಡು ಕಾರಣಾನೂ ಟಿಕ್ ಮಾಡಿ: ಮಾರ್ಕೆಟ್ ವ್ಯಾಲ್ಯೂ ಜಾಸ್ತಿ ಆಗಿದೆ ಅನ್ನೋದು, ಬೇರೆ ಮನೆಗಳಿಗೆ ಹೋಲಿಸಿದ್ರೆ ನಮಗೆ ಅಸಮಾನವಾಗಿ ಹಾಕಿದ್ದಾರೆ ಅನ್ನೋದು. ಒಂದನ್ನೇ ಟಿಕ್ ಮಾಡಿದ್ರೆ ಇನ್ನೊಂದರ ವಾದ ಮಾಡೋಕೆ ಬಿಡದೆ ಇರಬಹುದು. ಆಮೇಲೆ ನಿಮ್ಮ ಮೇಲೆ ಬಳಸೋ ಸಾಕ್ಷಿ ಎಲ್ಲ ಕೊಡಿ ಅಂತ ಅಪ್ರೈಸಲ್ ಡಿಸ್ಟ್ರಿಕ್ಟ್‌ನ ಕೇಳಿ, ಹಿಯರಿಂಗ್‌ಗೆ 14 ದಿನ ಮುಂಚೆ ಕೊಡ್ಬೇಕು ಅಂತ ಕಾನೂನಿದೆ. ಇದನ್ನ ಕೇಳೋದು ತುಂಬಾ ಮುಖ್ಯ, ಯಾಕಂದ್ರೆ ಟೆಕ್ಸಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟ ಆಯ್ತು ಅಂತ ಸಾರ್ವಜನಿಕವಾಗಿ ದಾಖಲೆ ಸಿಗಲ್ಲ, ಅವರ ಕೈಲಿರೋ ಮಾರಾಟದ ಬೆಲೆಗಳು ನಿಮಗೆ ಸಿಗೋ ದಾರಿ ಇದು. ಗೊತ್ತಿರೋ ರಿಯಲ್ಟರ್ ಇದ್ರೆ ಅಕ್ಕಪಕ್ಕದಲ್ಲಿ ಮಾರಾಟ ಆದ ಮನೆಗಳ ಪಟ್ಟಿ ತಗೊಳಿ.

ಮುಂದೆ ಅವರ ರೆಕಾರ್ಡಲ್ಲಿ ನಿಮ್ಮ ಮನೆ ಹೇಗೆ ಬರ್ದಿದಾರೆ ನೋಡಿ. ಸ್ಕ್ವೇರ್ ಫೀಟ್, ಬಾತ್‌ರೂಮ್ ಎಷ್ಟು, ಗ್ಯಾರೇಜ್, ಕಟ್ಟಿದ ವರ್ಷ. ತಪ್ಪಿದ್ರೆ ಅದೇ ಅತ್ಯಂತ ಸುಲಭದ ಗೆಲುವು, ವಾದವೇ ಬೇಕಿಲ್ಲ, ಬಿಲ್ಡರ್ ಪ್ಲಾನ್ ತೋರ್ಸಿದ್ರೆ ಸಾಕು.

ಬೆಲೆ ನೋಡೋದು ಜನವರಿ 1ಕ್ಕೆ ಮನೆ ಹೇಗಿತ್ತು ಅನ್ನೋದರ ಮೇಲೆ. ಹಾಗಾಗಿ ಆ ದಿನದ ಹತ್ತಿರದಲ್ಲಿ ಮಾರಾಟ ಆದ, ನಿಮ್ಮದೇ ಸಬ್‌ಡಿವಿಷನ್‌ನ, ನಿಮ್ಮದೇ ಅಳತೆ ವಯಸ್ಸಿನ ಮೂರರಿಂದ ಐದು ಮನೆ ತಗೊಳಿ. ಅವರು ಹೋಲಿಸಿರೋ ಮನೆಗೆ ಪೂಲ್ ಇದ್ಯಾ, ಕಿಚನ್ ಹೊಸದಾಗಿ ಮಾಡಿಸಿದಾರಾ, ಹಿಂದೆ ಗ್ರೀನ್‌ಬೆಲ್ಟ್ ಇದ್ಯಾ, ನಿಮ್ಮದರ ಹಿಂದೆ ಮೈನ್ ರೋಡ್ ಇದ್ಯಾ, ಇವೆಲ್ಲ ಎತ್ತಿ ತೋರ್ಸಿ. ಫೌಂಡೇಷನ್ ಬಿರುಕು, ಹಳೇ ರೂಫ್, ಆಲಿಕಲ್ಲು ಬಿದ್ದು ಹಾಳಾಗಿದ್ದು, ಇದಕ್ಕೆಲ್ಲ ಫೋಟೋ ಜೊತೆ ಕಾಂಟ್ರ್ಯಾಕ್ಟರ್ ಕೊಟ್ಟ ಕೊಟೇಷನ್ ಇರ್ಲಿ, ಬಾಯಿಮಾತಿಗೆ ಬೆಲೆ ಇಲ್ಲ, ಕೊಟೇಷನ್ ಮೇಲಿರೋ ಮೊತ್ತವನ್ನ ವ್ಯಾಲ್ಯೂನಿಂದ ಕಳೀರಿ ಅಂತ ನೇರವಾಗಿ ಕೇಳಬಹುದು. ಹೊಸದಾಗಿ ತಗೊಂಡಿದ್ದು, ಅವರು ಹಾಕಿರೋದಕ್ಕಿಂತ ಕಡಿಮೆಗೆ ತಗೊಂಡಿದ್ರೆ ಕ್ಲೋಸಿಂಗ್ ಡಿಸ್‌ಕ್ಲೋಷರ್‌ಗಿಂತ (ತಗೊಂಡ ಬೆಲೆ ಬರ್ದಿರೋ ಪತ್ರ) ಬಲವಾದ ಸಾಕ್ಷಿ ಇಲ್ಲ.

ಮೊದಲು ಅಪ್ರೈಸರ್ ಜೊತೆ ಇನ್‌ಫಾರ್ಮಲ್ ಆಗಿ ಮಾತುಕತೆ ಆಗತ್ತೆ, ಎಷ್ಟೋ ಕೌಂಟಿಗಳಲ್ಲಿ ಆನ್‌ಲೈನಲ್ಲೇ ಒಂದು ಆಫರ್ ಬರತ್ತೆ. ಒಪ್ಪಿದ್ರೆ ಆ ವರ್ಷಕ್ಕೆ ಅಲ್ಲಿಗೆ ಮುಗೀತು, ಹಾಗಾಗಿ ಸಾಕ್ಷಿ ನೋಡಿ ಲೆಕ್ಕ ಹಾಕಿದ ಮೇಲೇ ಒಪ್ಪಿ. ಒಪ್ಪದಿದ್ರೆ ಅಪ್ರೈಸಲ್ ರಿವ್ಯೂ ಬೋರ್ಡ್ ಮುಂದೆ ಹಿಯರಿಂಗ್. ಅಲ್ಲಿ ಸಿಗೋದು ಕೆಲವೇ ನಿಮಿಷ. ಟ್ಯಾಕ್ಸ್ ಕಟ್ಟೋಕೆ ಆಗ್ತಿಲ್ಲ, ರೇಟ್ ಜಾಸ್ತಿ ಆಯ್ತು ಅಂತ ಹೇಳ್ಬೇಡಿ, ಆ ಬೋರ್ಡ್‌ಗೆ ರೇಟ್ ಮೇಲೆ ಅಧಿಕಾರವೇ ಇಲ್ಲ. ಜನವರಿ 1ಕ್ಕೆ ನನ್ನ ಮನೆ ಬೆಲೆ ಇಷ್ಟು, ಕಾರಣ ಇವು, ಪೇಪರ್ ಇಲ್ಲಿದೆ, ಅಷ್ಟೇ. ಶಾಂತವಾಗಿ ಹೇಳಿ, ಬೋರ್ಡಲ್ಲಿ ಕೂತಿರೋರು ಕೌಂಟಿ ಅಪ್ರೈಸರ್‌ಗಳಲ್ಲ, ಸ್ಥಳೀಯ ನಿವಾಸಿಗಳು. ಅಲ್ಲೂ ಸಮಾಧಾನ ಆಗದಿದ್ರೆ ಆರ್ಡರ್ ಕೈಗೆ ಬಂದ 60 ದಿನದ ಒಳಗೆ ಬೈಂಡಿಂಗ್ ಆರ್ಬಿಟ್ರೇಷನ್‌ಗೆ (ಮಧ್ಯಸ್ಥರು ಕೊಡೋ ತೀರ್ಪಿಗೆ ಎರಡೂ ಕಡೆಯವರು ಬದ್ಧರಾಗೋ ವ್ಯವಸ್ಥೆ) ಹೋಗಬಹುದು. ಈ ನಡುವೆ ಜನವರಿ 31ರ ಟ್ಯಾಕ್ಸ್ ಗಡುವು ಮಾತ್ರ ತಪ್ಪಿಸ್ಬೇಡಿ.

ಕ್ಯಾಲಿಫೋರ್ನಿಯಾದವರಿಗೆ ಸ್ವಲ್ಪ ಬೇರೆ ಲೆಕ್ಕ. ಮಾರ್ಕೆಟ್ ಬಿದ್ದು ನಿಮ್ಮ ಮನೆ ಅಸೆಸ್ಡ್ ವ್ಯಾಲ್ಯೂಗಿಂತ ಕಡಿಮೆ ಬಾಳ್ತಾ ಇದ್ರೆ ಪ್ರೊಪೊಸಿಷನ್ 8 ಪ್ರಕಾರ ಇಳಿಸಿ ಅಂತ ಅಸೆಸರ್‌ನ ಕೇಳಬಹುದು, 2022ರ ಏರು ಬೆಲೆಯಲ್ಲಿ ತಗೊಂಡವರಲ್ಲಿ ತುಂಬಾ ಜನಕ್ಕೆ ಆಮೇಲೆ ಇದು ಉಪಯೋಗಕ್ಕೆ ಬಂತು. ಆದ್ರೆ ಈ ಇಳಿಕೆ ತಾತ್ಕಾಲಿಕ. ಮಾರ್ಕೆಟ್ ಚೇತರಿಸ್ಕೊಂಡಾಗ ವ್ಯಾಲ್ಯೂ ಒಂದೇ ವರ್ಷದಲ್ಲಿ 8% ಏರಿದ್ರೂ ಅದು ಕಾನೂನುಬದ್ಧವೇ, ಮೂಲ ಬೇಸ್‌ಗೆ ವರ್ಷವರ್ಷದ 2% ಸೇರಿಸಿ ಬರೋ ಮೊತ್ತ ದಾಟಬಾರದು ಅಷ್ಟೇ. 2% ಕ್ಯಾಪ್ ಮುರಿದ್ರು ಅಂತ ಜನ ಸಿಟ್ಟಾಗೋದು ಹೆಚ್ಚಾಗಿ ಇಲ್ಲೇ.

ಆರನೇ ಹೆಜ್ಜೆ: ಇರೋ ಕ್ಯಾಪ್ ಕಳ್ಕೋಬೇಡಿ

ಕಷ್ಟಪಟ್ಟು ಪಡೆದ ಕ್ಯಾಪ್ ಒಂದು ಸೈನ್‌ನಲ್ಲಿ ಹೋಗಬಹುದು. ಟ್ಯಾಕ್ಸ್ ಉಳಿಯತ್ತೆ ಅಂತ ಯಾರೋ ಹೇಳಿದ್ರು ಅಂತ ವಾಸದ ಮನೆಯನ್ನ ಎಲ್‌ಎಲ್‌ಸಿ (ಒಂದು ಬಗೆಯ ಕಂಪನಿ) ಹೆಸರಿಗೆ ಮಾಡ್ಬೇಡಿ, ಟೆಕ್ಸಸ್‌ನಲ್ಲಿ ಹೋಮ್‌ಸ್ಟೆಡ್ ಅಲ್ಲಿಗೇ ಹೋಗತ್ತೆ. ಟ್ರಸ್ಟ್‌ಗೆ ಹಾಕೋದಾದ್ರೆ ಹೋಮ್‌ಸ್ಟೆಡ್ ಉಳಿಯೋ ಭಾಷೆ ಇರ್ಬೇಕು ಅಂತ ವಕೀಲರಿಗೆ ಮೊದಲೇ ಹೇಳಿ. ಕ್ಯಾಲಿಫೋರ್ನಿಯಾದಲ್ಲಿ ಗಂಡ ಹೆಂಡತಿ ನಡುವೆ ಹೆಸರು ಬದಲಾದ್ರೆ ರೀಅಸೆಸ್‌ಮೆಂಟ್ ಆಗಲ್ಲ, ಆದ್ರೆ ಮಕ್ಕಳಿಗೆ ಕೊಡೋದು ಮೊದಲಿನ ಹಾಗಿಲ್ಲ. ಪ್ರೊಪೊಸಿಷನ್ 19 ಬಂದ ಮೇಲೆ, 2021ರ ಫೆಬ್ರವರಿ 16ರಿಂದ, ಮಕ್ಕಳು ಆ ಮನೇಲಿ ತಾವೇ ವಾಸ ಇದ್ರೆ ಮಾತ್ರ ಹಳೇ ಬೇಸ್ ಉಳಿಯತ್ತೆ, ಅದಕ್ಕೂ ಒಂದು ಮೊತ್ತದ ಮಿತಿ ಇದೆ.

ಕೆಲಸ ಬದಲಾಗಿ ಬೇರೆ ಊರಿಗೆ ಹೋಗಿ ಮನೆ ಬಾಡಿಗೆಗೆ ಕೊಟ್ರೆ ಹೋಮ್‌ಸ್ಟೆಡ್ ಹೋಗತ್ತೆ, ತಿಳಿಸೋ ಜವಾಬ್ದಾರಿ ನಿಮ್ಮದು. ಎರಡು ಸ್ಟೇಟ್‌ನಲ್ಲಿ ಎರಡು ಹೋಮ್‌ಸ್ಟೆಡ್ ಇಟ್ಕೊಳೋದಂತೂ ಬೇಡವೇ ಬೇಡ. ಫ್ಲೋರಿಡಾದಲ್ಲಿ ಸಿಕ್ಕಿಬಿದ್ರೆ ಹಿಂದಿನ 10 ವರ್ಷದವರೆಗಿನ ತೆರಿಗೆ, ಅದರ ಮೇಲೆ 50% ದಂಡ, ವರ್ಷಕ್ಕೆ 15% ಬಡ್ಡಿ, ಕಟ್ಟೋವರೆಗೆ ಆಸ್ತಿ ಮೇಲೆ ಲೀನ್ (ಬಾಕಿಗೆ ಸರ್ಕಾರ ಹಾಕೋ ಹಿಡಿತ).

ಮನೆಗೆ ರೂಮ್ ಸೇರಿಸಿದ್ರೆ, ಪೂಲ್ ಕಟ್ಟಿಸಿದ್ರೆ ಆ ಭಾಗದ ಬೆಲೆ ಕ್ಯಾಪ್ ಹೊರಗೆ ಸೇರತ್ತೆ, ಉಳಿದ ಮನೆಯ ಕ್ಯಾಪ್ ಹಾಗೇ ಇರತ್ತೆ. ಬಣ್ಣ, ರೂಫ್ ರಿಪೇರಿ ಥರದ ಸಾಮಾನ್ಯ ಕೆಲಸಕ್ಕೆ ಈ ಭಯ ಬೇಡ. ಟೆಕ್ಸಸ್‌ನಲ್ಲಿ ಮನೆ ಬಳಕೆಗೆ ಹಾಕಿಸೋ ಸೋಲಾರ್‌ನ ವ್ಯಾಲ್ಯೂಗೆ ಎಕ್ಸೆಂಪ್ಷನ್ ಇದೆ, ಅದಕ್ಕೂ ಫಾರ್ಮ್ ಬೇರೆ, 50-123.

ವಯಸ್ಸಾದವರಿಗೆ ಇರೋದು

ಟೆಕ್ಸಸ್‌ನಲ್ಲಿ ಮನೆ ಓನರ್‌ಗೆ 65 ತುಂಬಿದ್ರೆ ಸ್ಕೂಲ್ ಟ್ಯಾಕ್ಸ್‌ಗೆ ಮೇಲ್ಮಿತಿ ಬೀಳತ್ತೆ, ಇಲ್ಲಿ ನಿಲ್ಲೋದು ವ್ಯಾಲ್ಯೂ ಅಲ್ಲ, ಕಟ್ಟೋ ಡಾಲರ್ ಮೊತ್ತವೇ ಅದಕ್ಕಿಂತ ಮೇಲೆ ಹೋಗಲ್ಲ, ಹೊಸದಾಗಿ ಏನಾದ್ರೂ ಕಟ್ಟಿಸಿದ್ರೆ ಮಾತ್ರ ಬೇರೆ. ಟೆಕ್ಸಸ್ ಒಳಗೇ ಬೇರೆ ಮನೆಗೆ ಹೋದ್ರೆ ಆ ಅನುಕೂಲವನ್ನ ಅದೇ ಪ್ರಮಾಣದಲ್ಲಿ ಜೊತೆಗೆ ತಗೊಂಡು ಹೋಗಬಹುದು. ಕ್ಯಾಲಿಫೋರ್ನಿಯಾದಲ್ಲಿ 55 ತುಂಬಿದವರು ತಮ್ಮ ಹಳೇ ಬೇಸ್ ವ್ಯಾಲ್ಯೂನ ಸ್ಟೇಟ್ ಒಳಗೆ ಯಾವ ಕೌಂಟಿಗಾದ್ರೂ ಒಯ್ಯಬಹುದು, ಜೀವನದಲ್ಲಿ ಮೂರು ಸಲ, ಹಳೇದು ಮಾರಿದ ಎರಡು ವರ್ಷದ ಒಳಗೆ ಹೊಸದು ತಗೊಂಡಿರ್ಬೇಕು. ದೊಡ್ಡ ಮನೆ ಮಾರಿ ಮಕ್ಕಳ ಹತ್ರ ಚಿಕ್ಕ ಮನೆಗೆ ಹೋಗೋಣ ಅಂತಿರೋರು ಹಳೇ ಮನೆ ಮಾರಾಟಕ್ಕೆ ಹಾಕೋ ಮುಂಚೆ ಹೊಸ ಕೌಂಟಿಯ ಅಸೆಸರ್ ಆಫೀಸಿಗೆ ಒಂದು ಫೋನ್ ಮಾಡಿ, ಹೊಸ ಮನೆ ಹಳೇದಕ್ಕಿಂತ ದುಬಾರಿ ಆದ್ರೆ ಹೆಚ್ಚಿನ ಬೆಲೆ ಎಷ್ಟು ಸೇರತ್ತೆ ಅಂತ ಕೇಳಿ ಬರ್ಕೊಳಿ.